ತಜ್ಞರ ಉತ್ತರ: ಗಣ್ಯರಿಗೆ ಇಷ್ಟೊಂದು ಪೊಲೀಸರು ಯಾಕೆ, ಗೇಟಿನಲ್ಲಿ ತಪಾಸಣೆ ನಮಗೆ ಮಾತ್ರ ಯಾಕೆ?

ಓದುಗರ ಪ್ರಶ್ನೆ: ನಮ್ಮ ತಾಲೂಕಿಗೆ ಮುಖ್ಯಮಂತ್ರಿ ಬಂದಾಗ ಎರಡು ದಿನ ಸ್ಟೇಷನ್ನಿನಲ್ಲಿ ದೂರು ತಗೊಳ್ಳೋಕೂ ಜನ ಇರಲಿಲ್ಲ. ಎಲ್ಲರೂ ಬಂದೋಬಸ್ತಿಗೆ ಹೋಗಿದ್ದರು. ಕೆಲಸದ ಮೇಲೆ ವಿಧಾನಸೌಧಕ್ಕೆ ಹೋದರೆ ಪಾಸ್ ಇಲ್ಲದೆ ಗೇಟ್ ದಾಟೋಕೆ ಬಿಡಲ್ಲ. ಆದರೆ ನಮ್ಮ ಕಣ್ಣೆದುರೇ ಶಾಸಕರ ಹಿಂದೆ ಹತ್ತು ಜನ ಸಲೀಸಾಗಿ ಒಳಗೆ ಹೋಗ್ತಾರೆ. ಯಾರಿಗೆ ಎಷ್ಟು ಪೊಲೀಸರು ಅಂತ ಯಾರು ತೀರ್ಮಾನ ಮಾಡ್ತಾರೆ? ಇಷ್ಟೆಲ್ಲ ಇದ್ದೂ ಪಾರ್ಲಿಮೆಂಟಿನೊಳಗೇ ಜನ ನುಗ್ಗಿದ್ದು ಹೇಗೆ?

ಉತ್ತರ: ನಿಮ್ಮ ಪ್ರಶ್ನೆಯ ನಡುವಿನ ಸಾಲನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಶಾಸಕರ ಹಿಂದೆ ಹತ್ತು ಜನ ಸಲೀಸಾಗಿ ಹೋಗ್ತಾರೆ ಅಂದಿರಲ್ಲ, ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ನಮ್ಮ ದೇಶದಲ್ಲಿ ಆದ ದೊಡ್ಡ ಭದ್ರತಾ ಲೋಪಗಳನ್ನು ಒಂದೊಂದಾಗಿ ನೋಡುತ್ತಾ ಹೋಗಿ. ಬಂದೂಕು ಸಾಲದೆ ಆದ ಲೋಪ ಕಡಿಮೆ. 'ಇವರು ನಮ್ಮವರು, ಬಿಡಿ' ಅಂತ ಯಾರೋ ಹೇಳಿದ್ದರಿಂದ ಆದದ್ದೇ ಜಾಸ್ತಿ. ಬಂದೋಬಸ್ತ್ ಕೆಲಸವನ್ನು ಹತ್ತಿರದಿಂದ ಕಂಡವನಾಗಿ ಇದನ್ನು ಹೇಳುತ್ತಿದ್ದೇನೆ.

ಈಗ, ಯಾರಿಗೆ ಎಷ್ಟು ಪೊಲೀಸರು ಅನ್ನೋದಕ್ಕೆ ಬರೋಣ. ಇದರಲ್ಲಿ ಎರಡು ದಾರಿ ಇವೆ.

ಒಂದು, ಹುದ್ದೆಗೆ ಬರುವ ಭದ್ರತೆ. ರಾಷ್ಟ್ರಪತಿ, ಉಪರಾಷ್ಟ್ರಪತಿ, ಪ್ರಧಾನಿ, ರಾಜ್ಯಪಾಲರು, ಮುಖ್ಯಮಂತ್ರಿ ಇವರಿಗೆ ಬೆದರಿಕೆ ಇರಲಿ ಬಿಡಲಿ, ಕುರ್ಚಿಯ ಜೊತೆಗೇ ಕಾವಲು ಬರುತ್ತದೆ. ಇದರಲ್ಲಿ ಮೊದಲ ಮೂವರು ಒಂದು ಊರಿಗೆ ಬಂದರೆ ಏನೇನು ಮಾಡಬೇಕು ಅನ್ನೋದಕ್ಕೆ ಒಂದು ಗುಪ್ತ ಕೈಪಿಡಿ ಇದೆ. ಪೊಲೀಸರು ಅದನ್ನು 'ಬ್ಲೂ ಬುಕ್' ಅಂತಾರೆ. ಉಳಿದ ಗಣ್ಯರಿಗೆ 'ಯೆಲ್ಲೋ ಬುಕ್'.

ಇನ್ನೊಂದು, ಬೆದರಿಕೆ ನೋಡಿ ಕೊಡುವ ಭದ್ರತೆ. ಕೇಂದ್ರದ ಪಟ್ಟಿಯಲ್ಲಿರುವವರಿಗೆ ಇಂಟೆಲಿಜೆನ್ಸ್ ಬ್ಯೂರೋ ವರದಿ ಕೊಡುತ್ತದೆ, ಗೃಹ ಸಚಿವಾಲಯ ತೀರ್ಮಾನ ಮಾಡುತ್ತದೆ. ಆದರೆ ನಮ್ಮ ಸಂವಿಧಾನದಲ್ಲಿ ಪೊಲೀಸ್ ಅನ್ನೋದು ರಾಜ್ಯದ ವಿಷಯ. ಹಾಗಾಗಿ ರಾಜ್ಯದೊಳಗಿನವರಿಗೆ ರಾಜ್ಯ ಸರ್ಕಾರವೇ ತನ್ನ ಗುಪ್ತವಾರ್ತೆ ವಿಭಾಗದ ವರದಿ ಇಟ್ಟುಕೊಂಡು ನಿರ್ಧರಿಸುತ್ತದೆ. ನಮ್ಮಲ್ಲೇ ಒಂದು ಉದಾಹರಣೆ ಇದೆ. 2022ರ ಮಾರ್ಚ್‌ನಲ್ಲಿ ಹಿಜಾಬ್ ತೀರ್ಪು ಕೊಟ್ಟ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳಿಗೆ ಬೆದರಿಕೆ ಬಂತು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು ಮೂವರಿಗೂ ವೈ ದರ್ಜೆ ಭದ್ರತೆ ಕೊಡುವುದಾಗಿ ಪ್ರಕಟಿಸಿದರು. ತೀರ್ಪು ಒಪ್ಪಿಗೆಯೋ ಅಲ್ಲವೋ, ಆ ಮಾತು ಬೇರೆ. ತೀರ್ಪು ಬರೆದ ಕಾರಣಕ್ಕೆ ನ್ಯಾಯಮೂರ್ತಿಗೆ ಜೀವಭಯ ಆದರೆ ಕಾವಲು ಕೊಡಲೇಬೇಕು. ಬೆದರಿಕೆ ಭದ್ರತೆ ಇರುವುದೇ ಇಂಥದ್ದಕ್ಕೆ.

ಎಕ್ಸ್, ವೈ, ವೈ ಪ್ಲಸ್, ಝಡ್, ಝಡ್ ಪ್ಲಸ್ ಅಂತ ಟಿವಿಯಲ್ಲಿ ಕೇಳ್ತೀರಲ್ಲ, ಅವು ಈ ಭದ್ರತೆಯ ದರ್ಜೆಗಳು. ಎಕ್ಸ್ ಅಂದರೆ ಸುಮಾರು ಇಬ್ಬರು, ವೈ ಅಂದರೆ ಎಂಟು, ವೈ ಪ್ಲಸ್ ಅಂದರೆ ಹನ್ನೊಂದು, ಝಡ್ ಅಂದರೆ ಇಪ್ಪತ್ತೆರಡು, ಝಡ್ ಪ್ಲಸ್ ಅಂದರೆ ಮೂವತ್ತಾರು ಅಥವಾ ಅದಕ್ಕಿಂತ ಹೆಚ್ಚು. ಇಲ್ಲಿ ತುಂಬಾ ಜನ ತಪ್ಪು ತಿಳಿಯುತ್ತಾರೆ. ಇಪ್ಪತ್ತೆರಡು ಜನ ಒಟ್ಟಿಗೆ ಸುತ್ತ ನಿಲ್ಲಲ್ಲ. ಮನೆ ಗಾರ್ಡ್, ಎಸ್ಕಾರ್ಟ್ ಗಾಡಿ, ಪಕ್ಕದಲ್ಲಿರುವ ಗನ್‌ಮ್ಯಾನ್, ಇವರೆಲ್ಲರ ಪಾಳಿ ಸೇರಿ ಆ ಲೆಕ್ಕ. ಎಕ್ಸ್ ದರ್ಜೆ ಅಂದರೆ ಹೆಚ್ಚುಕಮ್ಮಿ ಯಾವಾಗಲೂ ಒಬ್ಬ ಪೊಲೀಸ್ ಜೊತೆಗಿರುತ್ತಾನೆ, ಅಷ್ಟೇ. ಕೇಂದ್ರದ ಝಡ್ ಪ್ಲಸ್‌ನಲ್ಲಿ ಹಿಂದೆ ಎನ್‌ಎಸ್‌ಜಿಯ ಕಪ್ಪು ಉಡುಪಿನ ಕಮಾಂಡೊಗಳು ಇರುತ್ತಿದ್ದರು. 2024ರಲ್ಲಿ ಕೇಂದ್ರ ಸರ್ಕಾರ ಅವರನ್ನು ಗಣ್ಯರ ಕಾವಲಿನಿಂದ ಬಿಡಿಸಿ ಸಿಆರ್‌ಪಿಎಫ್‌ಗೆ ಆ ಕೆಲಸ ಒಪ್ಪಿಸಲು ಆದೇಶಿಸಿತು. ಭಯೋತ್ಪಾದಕರ ವಿರುದ್ಧ ಹೋರಾಡಲು ತರಬೇತಿ ಪಡೆದವರನ್ನು ಕಾರಿನ ಬಾಗಿಲು ಕಾಯಲು ಇಟ್ಟುಕೊಂಡಿದ್ದು ಸರಿಯಲ್ಲ. ಇದು ಎಂದೋ ಆಗಬೇಕಿತ್ತು.

ಗನ್‌ಮ್ಯಾನ್ ಅನ್ನೋದು ಕೆಲವರಿಗೆ ಪ್ರತಿಷ್ಠೆ ಆಗಿದೆ. ಇದನ್ನು ಮುಚ್ಚಿಡಲು ನನಗಿಷ್ಟವಿಲ್ಲ. ಊರಲ್ಲಿ ಮದುವೆಗೆ ಹೋದಾಗ ಹಿಂದೆ ಒಬ್ಬ ಪೊಲೀಸ್ ಇದ್ದರೆ ತೂಕ ಬರುತ್ತದೆ ಅಂತ ತಿಳಿದವರಿದ್ದಾರೆ. 2013ರಲ್ಲಿ ಗಣ್ಯರ ಕಾರಿನ ಮೇಲಿನ ಕೆಂಪು ದೀಪದ ಬಗ್ಗೆ ಸುಪ್ರೀಂ ಕೋರ್ಟ್ ಕಟುವಾಗಿ ಮಾತಾಡಿತು. 2017ರ ಮೇ 1ರಿಂದ ಕೇಂದ್ರ ಆ ದೀಪವನ್ನೇ ತೆಗೆಸಿತು. ದೀಪ ಹೋಯಿತು, ಗನ್‌ಮ್ಯಾನ್ ಬೇಕೆನ್ನುವ ಆಸೆ ಹೋಗಲಿಲ್ಲ. ಪ್ರತಿ ದರ್ಜೆಯನ್ನೂ ಆಗಾಗ ಮರುಪರಿಶೀಲಿಸಬೇಕು ಅಂತ ನಿಯಮ ಇದೆ. ಪರಿಶೀಲನೆಯಾಗಿ ದರ್ಜೆ ಇಳಿಸಿದ ಮರುದಿನವೇ ಫೋನ್ ಬರುತ್ತದೆ. ಅಲ್ಲಿಂದ ಮುಂದೆ ಅದು ಭದ್ರತೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

ದುಡ್ಡು ಕೊಡುವ ಶಕ್ತಿ ಇದ್ದವರು ಕೊಡಲಿ ಅನ್ನೋದು ನನ್ನ ಅಭಿಪ್ರಾಯ. ಅದಕ್ಕೆ ದಾರಿಯೂ ಇದೆ. ಮುಕೇಶ್ ಅಂಬಾನಿ ಕುಟುಂಬದ ಝಡ್ ಪ್ಲಸ್ ಖರ್ಚನ್ನು ಅವರೇ ಭರಿಸಬೇಕು ಅಂತ 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬೆಂಗಳೂರಿನ ಇನ್ಫೋಸಿಸ್ ಕ್ಯಾಂಪಸ್‌ಗೆ 2009ರಿಂದ ಸಿಐಎಸ್‌ಎಫ್ (ಕೇಂದ್ರದ ಕೈಗಾರಿಕಾ ಭದ್ರತಾ ಪಡೆ) ಕಾವಲಿದೆ, ಅದರ ಖರ್ಚು ಕಂಪನಿಯದು.

ಪ್ರಧಾನಿಯ ವಿಷಯ ಬೇರೆ. ಅದರ ಹಿಂದೆ ರಕ್ತದ ಇತಿಹಾಸವಿದೆ. 1984ರ ಅಕ್ಟೋಬರ್ 31ರ ಬೆಳಿಗ್ಗೆ ಇಂದಿರಾ ಗಾಂಧಿಯವರನ್ನು ಕೊಂದದ್ದು ಹೊರಗಿನವರಲ್ಲ. ಅವರ ಮನೆ ಕಾಯುತ್ತಿದ್ದ ದೆಹಲಿ ಪೊಲೀಸರಲ್ಲೇ ಇಬ್ಬರು. ಇದಾದ ಮೇಲೆ 1985ರಲ್ಲಿ ಪ್ರಧಾನಿಗೆಂದೇ ಎಸ್‌ಪಿಜಿ, ಅಂದರೆ ಸ್ಪೆಷಲ್ ಪ್ರೊಟೆಕ್ಷನ್ ಗ್ರೂಪ್ ಹುಟ್ಟಿತು. 1988ರಲ್ಲಿ ಅದಕ್ಕೆ ಕಾಯ್ದೆ ಬಂತು. ಆ ಕಾಯ್ದೆಯಲ್ಲಿ ಹಾಲಿ ಪ್ರಧಾನಿಗೆ ಮಾತ್ರ ರಕ್ಷಣೆ ಇತ್ತು. 1989ರಲ್ಲಿ ರಾಜೀವ್ ಗಾಂಧಿ ಅಧಿಕಾರ ಕಳೆದುಕೊಂಡರು, ಎಸ್‌ಪಿಜಿಯೂ ಹೋಯಿತು. ಬೆದರಿಕೆ ಮಾತ್ರ ಹಾಗೇ ಇತ್ತು.

1991ರ ಮೇ 21ರ ರಾತ್ರಿ ಶ್ರೀಪೆರಂಬದೂರಿನಲ್ಲಿ ಮಾನವ ಬಾಂಬ್ ಸ್ಫೋಟಿಸಿ ರಾಜೀವ್ ಅವರನ್ನು ಕೊಂದದ್ದು ಹೇಗೆ ಅನ್ನೋದನ್ನು ಬಂದೋಬಸ್ತಿಗೆ ಹೋಗುವ ಪ್ರತಿಯೊಬ್ಬ ಪೊಲೀಸನೂ ತಿಳಿದಿರಬೇಕು. ಹಾರ ಹಾಕಲು ಯಾರ್ಯಾರಿಗೆ ಅವಕಾಶ ಅಂತ ಪಟ್ಟಿ ಇತ್ತು. ಕೊಂದವಳ ಹೆಸರು ಅದರಲ್ಲಿ ಇರಲಿಲ್ಲ. ಮುಂದೆ ನುಗ್ಗುತ್ತಿದ್ದವರನ್ನು ಒಬ್ಬ ಮಹಿಳಾ ಸಬ್ ಇನ್‌ಸ್ಪೆಕ್ಟರ್ ತಡೆಯಲು ನೋಡಿದರು. ಜನ ಹತ್ತಿರ ಬರಲಿ, ಬಿಡಿ ಅಂತ ರಾಜೀವ್ ಅವರೇ ಸನ್ನೆ ಮಾಡಿದರು ಎನ್ನುವುದು ಆ ರಾತ್ರಿಯ ಬಗ್ಗೆ ಬಂದ ವರದಿಗಳಲ್ಲಿದೆ. ರಾಜಕಾರಣಿಗೆ ಜನ ಬೇಕು, ಪೊಲೀಸರಿಗೆ ಅಂತರ ಬೇಕು. ಈ ಎರಡರ ಎಳೆದಾಟದಲ್ಲಿ ಸೋಲುವುದು ಯಾವಾಗಲೂ ಅಂತರವೇ. ಆ ಸ್ಫೋಟದಲ್ಲಿ ಸತ್ತವರಲ್ಲಿ ಪೊಲೀಸರೂ ಇದ್ದರು. ಅವರ ಹೆಸರು ಎಷ್ಟು ಜನಕ್ಕೆ ಗೊತ್ತು?

ಅದೇ ವರ್ಷ ಕಾಯ್ದೆ ತಿದ್ದಿ ಮಾಜಿ ಪ್ರಧಾನಿಗಳನ್ನೂ ಕುಟುಂಬವನ್ನೂ ಸೇರಿಸಿದರು. 2019ರಲ್ಲಿ ಮತ್ತೆ ತಿದ್ದಿದರು. ಈಗ ಹಾಲಿ ಪ್ರಧಾನಿ ಮತ್ತು ಅಧಿಕೃತ ನಿವಾಸದಲ್ಲಿ ಅವರ ಜೊತೆ ಇರುವ ಹತ್ತಿರದ ಕುಟುಂಬದವರಿಗೆ ಮಾತ್ರ ಎಸ್‌ಪಿಜಿ. ಮಾಜಿ ಆದ ಮೇಲೆ ಐದು ವರ್ಷದವರೆಗೆ ಇರುತ್ತದೆ. ಬೆದರಿಕೆಗೆ ಕ್ಯಾಲೆಂಡರ್ ಇಲ್ಲ. ಹಾಗಾಗಿ ಐದು ವರ್ಷ ಕಳೆದ ಮೇಲೆ ಕೊಡುವ ಭದ್ರತೆಯನ್ನು ನಿಜವಾದ ಬೆದರಿಕೆ ನೋಡಿಯೇ ಕೊಡಬೇಕು, ಪಕ್ಷ ನೋಡಿ ಅಲ್ಲ.

ಇನ್ನು ನಿಮ್ಮ ಸ್ಟೇಷನ್ ಖಾಲಿಯಾದ ವಿಷಯ. ಎಸ್‌ಪಿಜಿ ಇರಲಿ, ಮುಖ್ಯಮಂತ್ರಿಯ ಭದ್ರತಾ ಪಡೆ ಇರಲಿ, ಅವರದು ಒಳಗಿನ ಸುತ್ತು ಮಾತ್ರ. ರಸ್ತೆ, ಹೆಲಿಪ್ಯಾಡ್, ವೇದಿಕೆಯ ಸುತ್ತಲಿನ ಕಟ್ಟಡ, ಜನ, ಇವೆಲ್ಲ ಸ್ಥಳೀಯ ಪೊಲೀಸರ ತಲೆಮೇಲೆ. ಕಾರ್ಯಕ್ರಮಕ್ಕೆ ಮೊದಲೇ ಜಿಲ್ಲಾಧಿಕಾರಿ, ಎಸ್‌ಪಿ, ಬೆಸ್ಕಾಂ, ಲೋಕೋಪಯೋಗಿ, ಆರೋಗ್ಯ ಇಲಾಖೆ, ಅಗ್ನಿಶಾಮಕದವರು ಎಲ್ಲ ಕೂತು ಸಭೆ ಮಾಡುತ್ತಾರೆ. ಪ್ರಧಾನಿ ಬರುವುದಾದರೆ ಎಸ್‌ಪಿಜಿಯವರು ಮುಂಚೆಯೇ ಬಂದಿಳಿಯುತ್ತಾರೆ. ಈ ಪೂರ್ವಸಿದ್ಧತೆಯ ಸಭೆಯನ್ನು ಎಎಸ್‌ಎಲ್ (ಅಡ್ವಾನ್ಸ್ ಸೆಕ್ಯುರಿಟಿ ಲಯಾಸನ್) ಸಭೆ ಅಂತಾರೆ. ಯಾವ ದಾರಿ, ಆ ದಾರಿ ಮುಚ್ಚಿದರೆ ಇನ್ಯಾವ ದಾರಿ, ಏನಾದರೂ ಆದರೆ ಯಾವ ಆಸ್ಪತ್ರೆ, ಅಲ್ಲಿ ಯಾವ ಗುಂಪಿನ ರಕ್ತ ಸಿದ್ಧ ಇರಬೇಕು, ಎಲ್ಲ ಬರೆದು ಸಹಿ ಹಾಕುತ್ತಾರೆ. ಆಮೇಲೆ ಬಾಂಬ್ ಪತ್ತೆ ದಳ, ಶ್ವಾನದಳ ವೇದಿಕೆಯನ್ನು ಹಲಗೆ ಹಲಗೆ ನೋಡುತ್ತದೆ. ಪೋಡಿಯಂ, ಹೂಕುಂಡ, ಮೈಕ್, ಸೋಫಾದ ಅಡಿ. ಒಮ್ಮೆ ತಪಾಸಣೆ ಆದ ಜಾಗಕ್ಕೆ ಕಾವಲು ಹಾಕಬೇಕು. ಕಾವಲು ಬಿಟ್ಟರೆ ತಪಾಸಣೆ ಮಾಡಿದ್ದು ವ್ಯರ್ಥ. ಆದ್ದರಿಂದಲೇ ಹಿಂದಿನ ರಾತ್ರಿಯಿಂದ ಪೊಲೀಸರು ಖಾಲಿ ಶಾಮಿಯಾನ ಕಾಯುತ್ತಾ ಕೂತಿರುವುದು ನಿಮಗೆ ಕಾಣುತ್ತದೆ. ನೋಡಿದವರಿಗೆ ಸುಮ್ನೆ ಕೂತಂತೆ ಅನಿಸುತ್ತದೆ.

ಹೆದ್ದಾರಿಯ ಮೋರಿಯ ಹತ್ತಿರ ಒಬ್ಬ ಕಾನ್‌ಸ್ಟೆಬಲ್ ಬೆಳಗಿನ ಜಾವದಿಂದ ನಿಂತಿರುತ್ತಾನಲ್ಲ, ಅವನನ್ನು ಗಮನಿಸಿ. ಮೋರಿಯೊಳಗೆ ಟಾರ್ಚ್ ಬಿಟ್ಟು ನೋಡಿರುತ್ತಾನೆ. ಕಾರುಗಳು ಬಂದಾಗ ಅವನು ಗಣ್ಯರ ಕಡೆ ಮುಖ ಮಾಡಬಾರದು, ರಸ್ತೆಗೆ ಬೆನ್ನು ಹಾಕಿ ಜನರ ಕಡೆ, ಹೊಲದ ಕಡೆ ನೋಡಬೇಕು. ಕಾನ್‌ವಾಯ್ ಅರ್ಧ ನಿಮಿಷದಲ್ಲಿ ದಾಟಿಹೋಗುತ್ತದೆ. ತಿಂಡಿ ಪೊಟ್ಟಣ ಎಷ್ಟೋ ಸಲ ಅದಾದ ಮೇಲೆ ಬರುತ್ತದೆ. ಮಹಿಳಾ ಸಿಬ್ಬಂದಿಗೆ ಶೌಚಾಲಯದ ವ್ಯವಸ್ಥೆ ಇಲ್ಲದ ಜಾಗದಲ್ಲಿ ಗಂಟೆಗಟ್ಟಲೆ ನಿಲ್ಲಿಸುತ್ತಾರೆ. ಆಯಾಸದಿಂದ ನಿಂತವನ ಕಣ್ಣು ಚುರುಕಾಗಿರಲ್ಲ, ಅಲ್ವಾ? ಆದರೆ ಎಎಸ್‌ಎಲ್ ಸಭೆಯಲ್ಲಿ ಹೂವಿನ ಬೊಕೆಯ ಬಗ್ಗೆ ಚರ್ಚೆಯಾಗುವಷ್ಟು ಹೊತ್ತು ಇದರ ಬಗ್ಗೆ ಆಗುವುದಿಲ್ಲ. ಆಗಬೇಕು.

ಈ ಹೊರಗಿನ ಸುತ್ತು ತಪ್ಪಿದರೆ ಏನಾಗುತ್ತದೆ ಅನ್ನೋದನ್ನು 2022ರ ಜನವರಿ 5ರಂದು ಪಂಜಾಬಿನಲ್ಲಿ ಕಂಡೆವು. ಹವಾಮಾನ ಕೆಟ್ಟು ಪ್ರಧಾನಿ ಬಠಿಂಡಾದಿಂದ ರಸ್ತೆಯಲ್ಲಿ ಹೊರಟರು. ಫಿರೋಜ್‌ಪುರದ ಹತ್ತಿರ ಪ್ರತಿಭಟನೆಯಿಂದಾಗಿ ಫ್ಲೈಓವರ್ ಮೇಲೆ ಹದಿನೈದು ಇಪ್ಪತ್ತು ನಿಮಿಷ ಕಾರುಗಳು ನಿಂತವು. ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಸಮಿತಿ ವಿಚಾರಣೆ ಮಾಡಿತು. ದಾರಿ ಬದಲಾದದ್ದು ಸುಮಾರು ಎರಡು ಗಂಟೆ ಮೊದಲೇ ಗೊತ್ತಿತ್ತು, ಸಾಕಷ್ಟು ಪಡೆಯೂ ಇತ್ತು, ಆದರೂ ಜಿಲ್ಲೆಯ ಪೊಲೀಸ್ ಮುಖ್ಯಸ್ಥರು ಕರ್ತವ್ಯ ಮಾಡಲಿಲ್ಲ ಎಂದಿತು. ಜನ ಸಾಲದೆ ಆದ ಲೋಪ ಅದಲ್ಲ.

ಅಮೆರಿಕದಲ್ಲೂ ಇದೇ ಕಥೆ. 2024ರ ಜುಲೈ 13ರಂದು ಬಟ್ಲರ್‌ನಲ್ಲಿ ಟ್ರಂಪ್ ಮೇಲೆ ಗುಂಡು ಹಾರಿದ್ದು ಒಳಸುತ್ತಿನ ಹೊರಗಿದ್ದ ಒಂದು ಚಾವಣಿಯಿಂದ. ಅದನ್ನು ಸ್ಥಳೀಯ ಪೊಲೀಸರು ನೋಡಿಕೊಳ್ಳುತ್ತಾರೆ ಅಂತ ಅಲ್ಲಿನ ಗಣ್ಯರನ್ನು ಕಾಯುವ ಸೀಕ್ರೆಟ್ ಸರ್ವಿಸ್ ನೆಚ್ಚಿಕೊಂಡಿತ್ತು. ಕೆಲವೇ ದಿನಗಳಲ್ಲಿ ಆ ಸಂಸ್ಥೆಯ ಮುಖ್ಯಸ್ಥೆ ರಾಜೀನಾಮೆ ಕೊಟ್ಟರು. ನಮ್ಮಲ್ಲಿ ಲೋಪ ಆದರೆ ಮೊದಲು ಅಮಾನತಾಗುವುದು ಗೇಟಿನಲ್ಲಿ ನಿಂತ ಪೇದೆ.

ನಮ್ಮ ರಾಜ್ಯದಲ್ಲೇ 2023ರಲ್ಲಿ ಮೂರು ಸಲ ಎಚ್ಚರಿಕೆ ಸಿಕ್ಕಿತು. ಜನವರಿಯಲ್ಲಿ ಹುಬ್ಬಳ್ಳಿಯ ರೋಡ್ ಶೋದಲ್ಲಿ ಒಬ್ಬ ಹುಡುಗ ಹಾರ ಹಿಡಿದು ಪ್ರಧಾನಿಯ ಕಾರಿನ ಹತ್ತಿರ ಓಡಿಬಂದ. ಮಾರ್ಚ್‌ನಲ್ಲಿ ದಾವಣಗೆರೆಯಲ್ಲಿ ಒಬ್ಬ ಕಾನ್‌ವಾಯ್ ಕಡೆ ಓಡಿದ. ಏಪ್ರಿಲ್ ಕೊನೆಗೆ ಮೈಸೂರಿನಲ್ಲಿ ಹೂವಿನ ಜೊತೆ ಒಂದು ಮೊಬೈಲ್ ಫೋನ್ ಹಾರಿಬಂದು ಪ್ರಧಾನಿಯ ವಾಹನದ ಮೇಲೆ ಬಿತ್ತು. ಮೂರರಲ್ಲೂ ಕೆಟ್ಟ ಉದ್ದೇಶ ಕಾಣಲಿಲ್ಲ. ಆದರೆ ಫೋನ್ ಬೀಳಬಹುದಾದ ಜಾಗಕ್ಕೆ ಬೇರೆಯದೂ ಬೀಳಬಹುದು. ರೋಡ್ ಶೋ ಅನ್ನೋದೇ ಭದ್ರತೆಯ ಶತ್ರು ಅಂತ ನಾನು ನೇರವಾಗಿ ಹೇಳುತ್ತೇನೆ. ಕಿಲೋಮೀಟರುಗಟ್ಟಲೆ ಮನೆ, ಅಂಗಡಿ, ಮಹಡಿ, ಮರ. ಎಷ್ಟು ಪೊಲೀಸರಿದ್ದರೂ ಸಾಲದು. 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಚುನಾವಣಾ ಪ್ರಚಾರದಲ್ಲೂ ಇಂಥದ್ದೇ ಆಯಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ನಿಂತಿದ್ದ ವಾಹನವನ್ನು ಹತ್ತಿ ಹಾರ ಹಾಕಿದವನ ಸೊಂಟದಲ್ಲಿ ಪಿಸ್ತೂಲು ಕಾಣಿಸಿತು. ಅದು ಪರವಾನಗಿ ಇದ್ದ ಪಿಸ್ತೂಲು, ಚುನಾವಣೆಯ ಕಾಲದಲ್ಲಿ ಒಪ್ಪಿಸಬೇಕೆಂಬ ನಿಯಮದಿಂದ ಅವನಿಗೆ ವಿನಾಯಿತಿ ಸಿಕ್ಕಿತ್ತು ಅಂತ ಆಮೇಲೆ ತಿಳಿಯಿತು. ಮತ್ತೆ ವಿನಾಯಿತಿ, ನೋಡಿ.

ಈಗ ಕಟ್ಟಡಗಳಿಗೆ ಬರೋಣ. ಪಾರ್ಲಿಮೆಂಟಿನ ಕಾವಲಿನ ಕಥೆ ಶುರುವಾಗುವುದು 1929ರಲ್ಲಿ. ಆ ವರ್ಷದ ಏಪ್ರಿಲ್ 8ರಂದು ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತ ಕೇಂದ್ರ ಶಾಸನಸಭೆಯಲ್ಲಿ ಬಾಂಬ್ ಎಸೆದರು. ಸಭೆಯ ಅಧ್ಯಕ್ಷರು ವಿಠ್ಠಲಭಾಯ್ ಪಟೇಲ್. ಭದ್ರತೆಯ ಹೆಸರಲ್ಲಿ ಬ್ರಿಟಿಷ್ ಸರ್ಕಾರದ ಪೊಲೀಸರು ಸಭೆಯೊಳಗೆ ಅಧಿಕಾರ ನಡೆಸುವುದನ್ನು ಅವರು ಒಪ್ಪಲಿಲ್ಲ. ಸಭೆಗೆ ತನ್ನದೇ ಕಾವಲು ಬೇಕು, ಅದು ಅಧ್ಯಕ್ಷರ ಮಾತು ಕೇಳಬೇಕು ಅಂದರು. ಅದೇ 'ವಾಚ್ ಅಂಡ್ ವಾರ್ಡ್'. ನಮ್ಮ ವಿಧಾನಸಭೆಯೊಳಗೆ ಇಂದಿಗೂ ಪೊಲೀಸರ ಬದಲು ಸಭಾಧ್ಯಕ್ಷರ ಮಾತು ಕೇಳುವ ಮಾರ್ಷಲ್‌ಗಳು ಇರುವುದರ ಹಿಂದೆಯೂ ಇದೇ ವಿಚಾರ ಇದೆ. ಸರ್ಕಾರವನ್ನು ಪ್ರಶ್ನೆ ಮಾಡುವ ಜಾಗ ಸರ್ಕಾರದ ಪೊಲೀಸರ ಕೈಯಲ್ಲಿ ಇರಬಾರದು. ಈ ತತ್ವ ನನಗೆ ತುಂಬಾ ಮುಖ್ಯ ಅನಿಸುತ್ತದೆ.

2001ರ ಡಿಸೆಂಬರ್ 13ರಂದು ಐವರು ಉಗ್ರರು ಒಂದು ಬಿಳಿ ಅಂಬಾಸಡರ್ ಕಾರಿನಲ್ಲಿ ಪಾರ್ಲಿಮೆಂಟ್ ಆವರಣಕ್ಕೆ ಬಂದರು. ಕಾರಿನ ಮೇಲೆ ಕೆಂಪು ದೀಪ, ಗಾಜಿಗೆ ಗೃಹ ಸಚಿವಾಲಯದ ನಕಲಿ ಸ್ಟಿಕ್ಕರ್. ಅಂಥ ಕಾರನ್ನು ತಡೆದು ನಿಲ್ಲಿಸುವ ಅಭ್ಯಾಸವೇ ಆಗ ಇರಲಿಲ್ಲ. ಸಿಆರ್‌ಪಿಎಫ್‌ನ ಕಮಲೇಶ್ ಕುಮಾರಿ ಅವರ ಕೈಯಲ್ಲಿ ಬಂದೂಕು ಇರಲಿಲ್ಲ. ಅನುಮಾನ ಬಂದ ಕೂಡಲೇ ಕೂಗಿ ಎಚ್ಚರಿಸಿದರು, ಗುಂಡಿಗೆ ಬಲಿಯಾದರು. ವಾಚ್ ಅಂಡ್ ವಾರ್ಡ್‌ನ ಜಗದೀಶ್ ಪ್ರಸಾದ್ ಯಾದವ್ ಮತ್ತು ಮಾತಬರ್ ಸಿಂಗ್ ನೇಗಿ ಅವರೂ ನಿರಾಯುಧರಾಗಿಯೇ ಪ್ರಾಣ ಕೊಟ್ಟರು. ಮೂವರಿಗೂ ಅಶೋಕ ಚಕ್ರ ಬಂತು. ಕಟ್ಟಡದ ಬಾಗಿಲುಗಳು ಮುಚ್ಚಿದ್ದರಿಂದ ಒಳಗಿದ್ದ ಸಂಸದರು ಬದುಕಿದರು.

ಸರಿಯಾಗಿ ಅದೇ ದಿನಾಂಕ, 2023ರ ಡಿಸೆಂಬರ್ 13. ಇಬ್ಬರು ಪ್ರೇಕ್ಷಕರ ಗ್ಯಾಲರಿಯಿಂದ ಲೋಕಸಭೆಗೆ ಜಿಗಿದು ಹಳದಿ ಹೊಗೆ ಬಿಟ್ಟರು. ಹೊಗೆಯ ಡಬ್ಬಿ ಇದ್ದದ್ದು ಶೂ ಒಳಗೆ. ಬಾಗಿಲಲ್ಲಿ ಶೂ ಬಿಚ್ಚಿಸಿ ನೋಡುತ್ತಿರಲಿಲ್ಲ. ಅವರ ಪಾಸ್ ಬಂದದ್ದು ಆಗಿನ ಮೈಸೂರು ಸಂಸದರ ಶಿಫಾರಸಿನ ಮೇಲೆ. ನಮ್ಮ ಕ್ಷೇತ್ರದ ಹುಡುಗ, ಕಚೇರಿಗೆ ಬಂದು ಹೋಗುತ್ತಿರುತ್ತಾನೆ ಅಂದರೆ ಯಾವ ಸಂಸದರ ಕಚೇರಿಯಲ್ಲೂ ಪಾಸ್ ಸಿಗುತ್ತದೆ. ಸಂಸದರಿಗೆ ಹಿನ್ನೆಲೆ ಪರೀಕ್ಷಿಸುವ ಸಾಧನ ಇಲ್ಲ. ಸಂಸದರೇ ಬರೆದುಕೊಟ್ಟಿದ್ದಾರಲ್ಲ ಅಂತ ಗೇಟಿನವರು ನಂಬುತ್ತಾರೆ. ಇಬ್ಬರೂ ಇನ್ನೊಬ್ಬರು ನೋಡಿರುತ್ತಾರೆ ಅಂದುಕೊಂಡರೆ ಯಾರೂ ನೋಡಿರುವುದಿಲ್ಲ. ಆಮೇಲೆ ಲೋಕಸಭಾ ಸಚಿವಾಲಯ ಎಂಟು ಭದ್ರತಾ ಸಿಬ್ಬಂದಿಯನ್ನು ಅಮಾನತು ಮಾಡಿತು. 2024ರ ಮೇ 20ರಿಂದ ಸಿಐಎಸ್‌ಎಫ್‌ನ 3,300ಕ್ಕೂ ಹೆಚ್ಚು ಸಿಬ್ಬಂದಿ ಅಲ್ಲಿನ ಕಾವಲು ವಹಿಸಿಕೊಂಡರು. ತಪಾಸಣೆ ಬಿಗಿಯಾಗಿದೆ. ಆದರೆ ವಿಠ್ಠಲಭಾಯ್ ಎತ್ತಿದ ಪ್ರಶ್ನೆ ಮತ್ತೆ ಎದ್ದಿದೆ. ಸಿಐಎಸ್‌ಎಫ್ ಗೃಹ ಸಚಿವಾಲಯದ ಕೈಕೆಳಗಿನ ಪಡೆ. ಇದನ್ನು ಚರ್ಚಿಸುವುದು ತಪ್ಪಲ್ಲ, ಅಗತ್ಯ.

ನಮ್ಮ ವಿಧಾನಸೌಧ. ಹೊರಗಿನ ಕಾವಲು ಬೆಂಗಳೂರು ಪೊಲೀಸರದು, ಅದಕ್ಕೆಂದೇ ಒಬ್ಬ ಡಿಸಿಪಿ ಇದ್ದಾರೆ. ಸಭೆಯೊಳಗೆ ಮಾರ್ಷಲ್‌ಗಳು. ಆವರಣದಲ್ಲಿ ಕಾರ್ಯಕ್ರಮಕ್ಕೆ ಅನುಮತಿ ಕೊಡುವುದು ಡಿಪಿಎಆರ್, ಅಂದರೆ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ. ಮೂರು ಕೈ ಅಂದರೆ ಎರಡು ಸಂದು. 2023ರ ಜುಲೈ 7ರ ಬಜೆಟ್ ದಿನ ನೆನಪಿದೆಯಾ? ವಯಸ್ಸಾದ ವ್ಯಕ್ತಿಯೊಬ್ಬರು ಸಭೆಯೊಳಗೆ ಬಂದು ದೇವದುರ್ಗದ ಶಾಸಕಿಯ ಕುರ್ಚಿಯಲ್ಲಿ ಸುಮಾರು ಹದಿನೈದು ನಿಮಿಷ ಕೂತಿದ್ದರು. ಗಮನಿಸಿ ಹೇಳಿದ್ದು ಇನ್ನೊಬ್ಬ ಶಾಸಕರು. ಹೊಸದಾಗಿ ಗೆದ್ದವರ ಮುಖ ಸಿಬ್ಬಂದಿಗೆ ಗೊತ್ತಿರುವುದಿಲ್ಲ, 'ನಾನು ಶಾಸಕ' ಅಂದವರನ್ನು ಗುರುತಿನ ಚೀಟಿ ಕೇಳಲು ಹೆದರಿಕೆ. ಕೇಳಿ ಬೈಸಿಕೊಂಡವರನ್ನು ನಾನು ಬಲ್ಲೆ. ಗೇಟಿನಲ್ಲಿ ಐಡಿ ಕೇಳಿದ ಪೇದೆಗೆ ಒಬ್ಬ ಶಾಸಕ 'ಸರಿಯಾದ ಕೆಲಸ ಮಾಡಿದೆ' ಅಂದರೆ ಸಾಕು, ಅರ್ಧ ಭದ್ರತೆ ತಾನಾಗಿ ಸರಿಹೋಗುತ್ತದೆ.

2025ರ ಜೂನ್ 4ನ್ನು ಬಿಟ್ಟು ಈ ಮಾತು ಮುಗಿಸುವಂತಿಲ್ಲ. ಆರ್‌ಸಿಬಿ ಗೆದ್ದ ಮರುದಿನ ವಿಧಾನಸೌಧದ ಮೆಟ್ಟಿಲ ಮೇಲೆ ಸನ್ಮಾನ ಇಟ್ಟರು. ಸಿಬ್ಬಂದಿ ಕಡಿಮೆ ಇದ್ದಾರೆ, ಲಕ್ಷಗಟ್ಟಲೆ ಜನ ಬರಬಹುದು, ಸಿಸಿಟಿವಿ ಪೂರ್ತಿ ಇಲ್ಲ ಅಂತ ವಿಧಾನಸೌಧ ಭದ್ರತೆಯ ಡಿಸಿಪಿ ಅದೇ ದಿನ ಡಿಪಿಎಆರ್‌ಗೆ ಪತ್ರ ಬರೆದಿದ್ದರು. ಪತ್ರ ಆಮೇಲೆ ಹೊರಬಂತು. ಕಾರ್ಯಕ್ರಮ ನಡೆಯಿತು. ಅಂದೇ ಹತ್ತಿರದ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳಲ್ಲಿ ಕಾಲ್ತುಳಿತಕ್ಕೆ 11 ಜನ ಸತ್ತರು. ಪೊಲೀಸ್ ಅಧಿಕಾರಿ 'ಬೇಡ, ಸಮಯ ಸಾಲದು' ಅಂದಾಗ ಅದನ್ನು ಅಡ್ಡಿ ಅಂತ ತಿಳಿಯುವುದು ನಿಲ್ಲಬೇಕು. ಪೊಲೀಸರ ಲಿಖಿತ ಎಚ್ಚರಿಕೆ ಇದ್ದರೆ ಕಾರ್ಯಕ್ರಮ ಮುಂದೂಡಲೇಬೇಕು, ಇಲ್ಲವಾದರೆ ಅನುಮತಿ ಕೊಟ್ಟವರು ಕಾರಣ ಬರೆದು ಸಹಿ ಹಾಕಬೇಕು. ನಾನು ಒಂದೇ ಒಂದು ನಿಯಮ ಮಾಡಬಹುದು ಅಂದರೆ ಇದನ್ನೇ ಮಾಡುತ್ತಿದ್ದೆ.

ಗೇಟಿನಲ್ಲಿ ನಿಮ್ಮನ್ನು ತಡೆದದ್ದು ತಪ್ಪಲ್ಲ, ಉಳಿದ ಹತ್ತು ಜನರನ್ನು ಬಿಟ್ಟದ್ದು ತಪ್ಪು. ಮುಂದಿನ ಸಲ ಹೋಗುವ ಮೊದಲು ಸಂಬಂಧಪಟ್ಟ ಶಾಖೆಗೆ ಫೋನ್ ಮಾಡಿ ಪಾಸ್ ಬಗ್ಗೆ ಕೇಳಿ, ಫೋಟೋ ಇರುವ ಗುರುತಿನ ಚೀಟಿ ಇಟ್ಟುಕೊಳ್ಳಿ. ಕಟ್ಟಡ ನೋಡಬೇಕು ಅನ್ನುವವರಿಗೆ ಪ್ರವಾಸೋದ್ಯಮ ಇಲಾಖೆ 2025ರ ಜೂನ್‌ನಿಂದ ರಜಾದಿನಗಳಲ್ಲಿ ಗೈಡ್ ಜೊತೆ ಒಳಗೆ ಕರೆದುಕೊಂಡು ಹೋಗುವ ವ್ಯವಸ್ಥೆ ಮಾಡಿದೆ.

ಇನ್ನು ದೂರಿನ ವಿಷಯ. ಬಂದೋಬಸ್ತ್ ಇದೆ ಅಂತ ಸ್ಟೇಷನ್ನಿನವರು ದೂರು ತಗೊಳ್ಳದೆ ಕಳಿಸುವಂತಿಲ್ಲ. ತುರ್ತು ಇದ್ದರೆ 112ಕ್ಕೆ ಕರೆ ಮಾಡಿ. ಇಲ್ಲವಾದರೆ ಬೇರೆ ಯಾವ ಠಾಣೆಗಾದರೂ ಹೋಗಿ ಕೊಡಿ. ಗಂಭೀರ ಅಪರಾಧವಾದರೆ ಅವರು ಝೀರೋ ಎಫ್‌ಐಆರ್ ಮಾಡಿ ನಿಮ್ಮ ಠಾಣೆಗೆ ಕಳಿಸಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಆನ್‌ಲೈನ್‌ನಲ್ಲೂ ದೂರು ಕಳಿಸಬಹುದು. ಕಳಿಸಿದ ಮೂರು ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು, ಅದನ್ನು ಮಾತ್ರ ಮರೆಯಬೇಡಿ.